ಸರ್, ಒಂದು ಪಿ ವ್ಯಾಲ್ಯೂ ಇದ್ರೆ ಕೊಡಿ

ಯಂತ್ರ ಬಂತು ಮಾರಾಯ್ರೇ. ಜೀನೋಮ್, ಅಂದರೆ ಒಂದು ಜೀವಿಯ ಪೂರ್ತಿ ಡಿಎನ್‌ಎ ಓದುವ ಯಂತ್ರ, ಕೋಟಿ ಲೆಕ್ಕದ್ದು. ಅದಕ್ಕೊಂದು ಎಸಿ ಕೋಣೆ, ಕೋಣೆಗೊಂದು ಗಾಜಿನ ಬಾಗಿಲು, ಬಾಗಿಲಿಗೊಂದು ರಿಬ್ಬನ್, ರಿಬ್ಬನ್ ಕತ್ತರಿಸಲಿಕ್ಕೆ ಒಬ್ಬರು ದೊಡ್ಡ ಜನ. ಯಾವ ವಿಶ್ವವಿದ್ಯಾಲಯ ಎಂದು ಮಾತ್ರ ಕೇಳಬೇಡಿ. ನೇತ್ರಾವತಿ ಹೊಳೆಯ ಆಚೆ ಕರ್ನಾಟಕದ್ದೂ ಆಗಬಹುದು, ಚಂದ್ರಗಿರಿ ಹೊಳೆಯ ಆಚೆ ಕೇರಳದ ಒಳಗಿನದ್ದೂ ಆಗಬಹುದು. ನಾವು ಕಾಸರಗೋಡಿನವರು ಎರಡೂ ಕಡೆ ಮಕ್ಕಳನ್ನು ಓದಿಸುತ್ತೇವೆ, ಎರಡೂ ಕಡೆ ಕತೆ ಒಂದೇ.

ಯಂತ್ರ ರಾಶಿ ಹಾಕುವ ಅಂಕಿಗಳನ್ನು ನೋಡುವವರು ಯಾರು? ಅದಕ್ಕೂ ವ್ಯವಸ್ಥೆ ಉಂಟು. ಸ್ಟ್ಯಾಟಿಸ್ಟಿಕಲ್ ಕನ್ಸಲ್ಟಿಂಗ್ ಸೆಲ್ ಅಂತ ಬೋರ್ಡು ಹಾಕಿದ್ದಾರೆ. ಸೆಲ್ ಅಂದರೆ ಬದಿಯಡ್ಕ ಕಡೆಯ ಒಬ್ಬರು ಮಾಷ್ಟ್ರು, ಒಂದು ಹಳೇ ಕಂಪ್ಯೂಟರ್, ಝೆರಾಕ್ಸ್ ಮೆಷಿನ್ನಿನ ಹಿಂದೆ ಅರ್ಧ ಮೇಜು. ಇನ್ನರ್ಧದಲ್ಲಿ ಎ4 ಕಾಗದದ ಕಟ್ಟು.

ಪ್ರಾಜೆಕ್ಟಿನ ಬಜೆಟ್ ತೆಗೆದು ನೋಡಿ, ಎಲ್ಲದಕ್ಕೂ ಒಂದೊಂದು ಹೆಡ್ ಉಂಟು. ಎಕ್ವಿಪ್‌ಮೆಂಟ್, ಕನ್ಸ್ಯೂಮೆಬಲ್ಸ್, ಟ್ರಾವೆಲ್, ಓವರ್‌ಹೆಡ್. ಯೋಚನೆ ಮಾಡುವವರಿಗೆ ಮಾತ್ರ ಹೆಡ್ ಇಲ್ಲ. ಮಾಷ್ಟ್ರ ಗೌರವಧನ ಬರುವುದು ಕಂಟಿಂಜೆನ್ಸಿಯಲ್ಲಿ, ಟೋನರ್ ಮತ್ತು ಸ್ಟೇಪ್ಲರ್ ಪಿನ್ನಿನ ಜೊತೆ. ಟೋನರ್ ಜಾಸ್ತಿ ಖರ್ಚಾದ ವರ್ಷ ಗೌರವಧನ ಇಲ್ಲ. 2001ರಲ್ಲಿ ಒಬ್ಬ ಮನುಷ್ಯನ ಜೀನೋಮ್ ಓದಲಿಕ್ಕೆ ಸುಮಾರು 10 ಕೋಟಿ ಡಾಲರ್ ಬೇಕಿತ್ತು, ಈಗ 1,000 ಡಾಲರ್‌ನ ಒಳಗೇ ಆಗುತ್ತದೆ. ಓದುವುದು ಇಷ್ಟು ಅಗ್ಗವಾದ ಮೇಲೆ ಅರ್ಥ ಮಾಡಿಕೊಳ್ಳುವುದು ಧರ್ಮಕ್ಕೇ ಆಗಬೇಕು ಅಂತ ಆಫೀಸಿನವರ ಲೆಕ್ಕ.

ಗಿರಾಕಿ ಬರುವುದು ಶುಕ್ರವಾರ ಸಂಜೆ, ಮಾಷ್ಟ್ರು ಬಸ್ಸಿಗೆ ಹೊರಡುವ ಹೊತ್ತಿಗೆ. ಥೀಸಿಸ್ ಕೊಡಬೇಕಾದ್ದು ಸೋಮವಾರ.

"ಸರ್, ಒಂದು ಪಿ ವ್ಯಾಲ್ಯೂ ಬೇಕಿತ್ತು."

"ಎಷ್ಟರದ್ದು?"

"0.05ರ ಒಳಗೆ ಯಾವುದಾದ್ರೂ ಅಡ್ಡಿಯಿಲ್ಲ ಸರ್."

ಪಿ ವ್ಯಾಲ್ಯೂ ಅಂದರೆ, ನಿಜವಾಗಿ ಏನೂ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ಅಥವಾ ಇನ್ನೂ ಹೆಚ್ಚು ವ್ಯತ್ಯಾಸ ಸುಮ್ನೆ ಅದೃಷ್ಟದ ಮೇಲೆ ಕಾಣುವ ಸಂಭವ ಎಷ್ಟು ಎಂಬ ಅಂಕಿ. ಅದು 0.05ರ ಒಳಗಿದ್ದರೆ ವ್ಯತ್ಯಾಸ ಉಂಟು ಎಂದು ಬರೆಯುವುದು ರೂಢಿ. ಹುಡುಗನ ವಿಷಯ ಅಡಿಕೆಯ ಹಳದಿ ಎಲೆ ರೋಗ. ಒಳ್ಳೆಯ ವಿಷಯವೇ. ರೋಗ ಬಂದ ಮರದಲ್ಲಿ ಯಾವ ಜೀನ್ ಹೆಚ್ಚು ಕೆಲಸ ಮಾಡುತ್ತದೆ, ಗಟ್ಟಿ ಮರದಲ್ಲಿ ಯಾವುದು ಎಂದು ನೋಡುವುದು. ಗೊತ್ತಾದರೆ ತೋಟ ಇರುವವರಿಗೆಲ್ಲ ಉಪಕಾರವೇ ಅಲ್ವಾ? ಮಾಷ್ಟ್ರು ಬ್ಯಾಗ್ ಕೆಳಗಿಟ್ಟು ಕೇಳಿದರು:

"ರೋಗದ್ದು, ಗಟ್ಟಿಯದ್ದು, ಒಂದೊಂದರಲ್ಲಿ ಎಷ್ಟು ಮರ?"

"ಮೂರು ಸರ್."

"ಮೂರು ಮರವಾ?"

"ಅಲ್ಲ ಸರ್, ಮೂರು ಟ್ಯೂಬ್. ಮರ ಒಂದೇ. ಆದ್ರೆ ಒಳ್ಳೆ ಮರ ಸರ್, ಗೈಡ್ ಸರ್ ತೋಟದ್ದು."

"ರೋಗದ ಮರದ ಎಲೆ ಯಾವಾಗ ತೆಗೆದದ್ದು?"

"ಮಾರ್ಚ್‌ನಲ್ಲಿ."

"ರೋಗ ಇಲ್ಲದ್ದು?"

"ಜುಲೈಯಲ್ಲಿ ಸರ್. ಫಂಡಿನ ಎರಡನೇ ಕಂತು ಬಂದದ್ದೇ ಆಗ. ಕಿಟ್ ಕೂಡ ಬೇರೆ ಕಂಪೆನಿಯದ್ದು, ಟೆಂಡರ್ ಬದಲಾಯ್ತಲ್ಲ."

ಈಗ ಹೇಳಿ. ಎರಡರ ನಡುವೆ ವ್ಯತ್ಯಾಸ ಸಿಕ್ಕಿದರೆ ಅದು ರೋಗದ್ದೋ, ಮಳೆಗಾಲದ್ದೋ, ಟೆಂಡರಿನದ್ದೋ? ರೋಗದ್ದೆಲ್ಲ ಒಂದು ಕಂತಿನಲ್ಲಿ, ಆರೋಗ್ಯದ್ದೆಲ್ಲ ಇನ್ನೊಂದು ಕಂತಿನಲ್ಲಿ ಆದ ಮೇಲೆ ಯಾವ ಸಾಫ್ಟ್‌ವೇರ್ ತಲೆಕೆಳಗಾಗಿ ನಿಂತರೂ ಇದನ್ನು ಬಿಡಿಸಿ ಹೇಳಲಿಕ್ಕೆ ಆಗುವುದಿಲ್ಲ. ಇನ್ನು ಒಂದೇ ಮರದ ಮೂರು ಟ್ಯೂಬ್ ಏನು ಹೇಳುತ್ತದೆ? ಆ ಮರದ ಸಮಾಚಾರ ಹೇಳುತ್ತದೆ. ಅಡಿಕೆ ಮರಗಳ ಸಮಾಚಾರ ಹೇಳುವುದಿಲ್ಲ.

ಇದು ಹೊಸ ಸಂಕಟವೂ ಅಲ್ಲ. 1938ರಲ್ಲಿ ಕಲ್ಕತ್ತೆಯಲ್ಲಿ ಮೊದಲ ಭಾರತೀಯ ಸಂಖ್ಯಾಶಾಸ್ತ್ರ ಸಮ್ಮೇಳನ ನಡೆಯಿತು, ಅಧ್ಯಕ್ಷತೆ ಆಧುನಿಕ ಸಂಖ್ಯಾಶಾಸ್ತ್ರಕ್ಕೆ ಅಡಿಪಾಯ ಹಾಕಿದ ಇಂಗ್ಲೆಂಡಿನ ರೊನಾಲ್ಡ್ ಫಿಶರ್ ಅವರದ್ದು. ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರದವನನ್ನು ಕರೆಯುವುದೆಂದರೆ ಹೆಚ್ಚಾಗಿ ಪೋಸ್ಟ್‌ಮಾರ್ಟಂಗೆ ಕರೆದ ಹಾಗೆ, ಪ್ರಯೋಗ ಯಾವುದರಿಂದ ಸತ್ತಿತು ಎಂದು ಬೇಕಾದರೆ ಹೇಳಿಯಾನು ಎಂದರು ಅವರು. ನಮ್ಮ ದೇಶದಲ್ಲೇ ನಿಂತು ಹೇಳಿದ್ದು. ಆಗ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರಲ್ಲಿ ಕೇರಳಕ್ಕೆ ಸೇರಿ ನಮ್ಮ ರಾಜ್ಯವೇ ಬದಲಾಯಿತು, ಈ ಅಭ್ಯಾಸ ಬದಲಾಗಲಿಲ್ಲ. ಈಗಂತೂ ಪೋಸ್ಟ್‌ಮಾರ್ಟಂ ಕೂಡ ಯಾರಿಗೂ ಬೇಡ. ಹೆಣಕ್ಕೆ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕು.

ಮಾಷ್ಟ್ರು ಆದರೂ ಕೂತರು. ಹುಡುಗನ ಪಟ್ಟಿಯಲ್ಲಿ 0.05ರ ಒಳಗೆ ಬಂದ ಜೀನ್ ಸಾವಿರದ ಮೇಲೆ ಇದ್ದವು, ಅವನಿಗೆ ಭಾರೀ ಖುಷಿ. ಪರೀಕ್ಷೆ ಮಾಡಿದ ಜೀನ್ 20,000. ಆ ಜೀನ್‌ಗಳಿಗೂ ರೋಗಕ್ಕೂ ಒಂದು ನಯಾಪೈಸೆಯ ಸಂಬಂಧ ಇಲ್ಲದಿದ್ದರೂ 20,000ದಲ್ಲಿ ನೂರಕ್ಕೆ ಐದು, ಅಂದರೆ 1,000 ಜೀನ್ ಸುಮ್ನೆ ಅದೃಷ್ಟದ ಮೇಲೇ ಒಳಗೆ ಬಂದು ಕೂರುತ್ತವೆ. ಇಂಥ ಸುಳ್ಳು ಸಾಕ್ಷಿಗಳನ್ನು ಹಿಡಿತದಲ್ಲಿಡುವ ಒಂದು ಲೆಕ್ಕವನ್ನು ಬೆಂಜಮಿನಿ ಮತ್ತು ಹಾಕ್‌ಬರ್ಗ್ ಎಂಬಿಬ್ಬರು 1995ರಲ್ಲೇ ಕೊಟ್ಟಿದ್ದಾರೆ. ಮಾಷ್ಟ್ರು ಅದನ್ನು ಹಾಕಿದರು. ಪಟ್ಟಿ ಖಾಲಿ.

ಸೋಮವಾರ ಗೈಡ್ ಫೋನು ಮಾಡಿದರು. "ಅಲ್ಲ ಮಾಷ್ಟ್ರೇ, ಆ ಕರೆಕ್ಷನ್ ಆಪ್ಶನಲ್ ಅಲ್ವಾ?" ಮಂಗಳವಾರ ಆಫೀಸಿನಿಂದ ಮೆಮೋ ಬಂತು. ತಮ್ಮ ಸೆಲ್‌ಗೆ ಒಪ್ಪಿಸುವಾಗ 1,040 ಜೀನ್ ಇದ್ದು, ಹಿಂದಿರುಗಿಸುವಾಗ ಸೊನ್ನೆ ಇರುವುದು ಗಮನಕ್ಕೆ ಬಂದಿರುತ್ತದೆ, ಕೊರತೆಗೆ ಮೂರು ದಿನದೊಳಗೆ ಲಿಖಿತ ವಿವರಣೆ ನೀಡತಕ್ಕದ್ದು.

ಅಷ್ಟರಲ್ಲಿ ಇನ್ನೊಬ್ಬಳು ಹುಡುಗಿ ಮನುಷ್ಯರ ಜೀನ್ ಪಟ್ಟಿ ತಂದಳು. ನಡುನಡುವೆ 1-ಮಾರ್ಚ್, 2-ಸೆಪ್ಟೆಂಬರ್ ಅಂತ ತಾರೀಕುಗಳು. ಅದು ಎಕ್ಸೆಲ್‌ನ ಕೆಲಸ. ಮಾರ್ಚ್ ಒಂದು, ಸೆಪ್ಟ್ ಎರಡು ಎಂಬ ಹೆಸರಿನ ಜೀನ್ ಕಂಡರೆ ಅದು ಕೇಳದೆಯೇ ಕ್ಯಾಲೆಂಡರ್ ಮಾಡಿಬಿಡುತ್ತದೆ. ದೊಡ್ಡ ದೊಡ್ಡ ಪತ್ರಿಕೆಗಳ ಲೇಖನಗಳಲ್ಲೂ, ಎಕ್ಸೆಲ್‌ನಲ್ಲಿ ಜೀನ್ ಪಟ್ಟಿ ಕೊಟ್ಟವುಗಳ ಪೈಕಿ ಸುಮಾರು ಐದರಲ್ಲಿ ಒಂದರಲ್ಲಿ ಹೀಗಾಗಿದೆ ಎಂದು 2016ರಲ್ಲಿ ಲೆಕ್ಕ ಹಾಕಿದ್ದರು. ಕೊನೆಗೆ 2020ರ ಹೊತ್ತಿಗೆ ವಿಜ್ಞಾನಿಗಳೇ ಸೋತು ಆ ಜೀನ್‌ಗಳ ಹೆಸರು ಬದಲಾಯಿಸಿದರು. ಮೇಲಿನವರಿಗೆ ಸರಿಯಾಗದ್ದಕ್ಕೆ ಕೆಳಗಿದ್ದವರ ಹೆಸರು ತಿದ್ದುವುದು ಮಂಜೇಶ್ವರ ಹೋಗಿ ಮಲಯಾಳದ ಮಂಜೇಶ್ವರಂ ಆದ ಬೋರ್ಡು ಓದಿ ಬಸ್ಸಿಳಿಯುವ ನಮಗೇನು ಹೊಸತಾ.

ನಿಜ ಹೇಳಬೇಕೆಂದರೆ ಮಾಷ್ಟ್ರು ಕೇಳುವುದು ದೊಡ್ಡದೇನಲ್ಲ. ಎಲೆ ಕೀಳುವ ಮೊದಲು ಒಮ್ಮೆ ಬನ್ನಿ, ಕ್ಯಾಂಟೀನಿನಲ್ಲಿ ಅರ್ಧ ಗಂಟೆ ಕೂರುವ. ಬೇರೆ ಬೇರೆ ತೋಟದ ಬೇರೆ ಬೇರೆ ಮರ ತೆಗೆಯಿರಿ, ರೋಗದ್ದನ್ನೂ ಆರೋಗ್ಯದ್ದನ್ನೂ ಒಂದೇ ವಾರ ತೆಗೆಯಿರಿ, ಯಂತ್ರಕ್ಕೆ ಹಾಕುವಾಗ ಎರಡನ್ನೂ ಬೆರೆಸಿ ಹಾಕಿ. ಖರ್ಚು ಎರಡು ಚಾ, ಒಂದು ಪ್ಲೇಟ್ ಗೋಳಿಬಜೆ. ಆದರೆ ಚಾ ಮತ್ತು ಗೋಳಿಬಜೆ ಯಾವ ಹೆಡ್‌ನಲ್ಲಿ ಬರುತ್ತದೆ ಎಂದು ಅಕೌಂಟ್ಸ್‌ನವರು ಫೈಲ್ ವಾಪಸ್ ಕಳಿಸಿದರು.

ವರ್ಷದ ಕೊನೆಗೆ ಸೆಲ್‌ನ ಗುಣಮಟ್ಟ ಅಳೆಯಲಿಕ್ಕೆ ಒಂದು ಸಮೀಕ್ಷೆ ಮಾಡಿದರು. ಫಾರ್ಮ್ ತುಂಬಿದವರು ಇಬ್ಬರು. ಅಡಿಕೆ ಹುಡುಗ ಸಿಟ್ಟಿನಲ್ಲಿ ಎರಡು ಸಲ ತುಂಬಿದ್ದ. ವರದಿಯಲ್ಲಿ ಎನ್ ಈಕ್ವಲ್ಸ್ 3, ಅಂದರೆ ಉತ್ತರ ಕೊಟ್ಟವರು ಮೂರು ಜನ ಎಂದು ಬರೆದು, ಮಾಷ್ಟ್ರಿಗೆ ತರಬೇತಿ ಅಗತ್ಯ ಎಂದು ಶಿಫಾರಸು ಮಾಡಿದ್ದಾರೆ.