ಹೆಸರು ಕೇಳಿರಲಿಲ್ಲ

1998ರಲ್ಲಿ ಅಮ್ಮ ಹಾಸನದಿಂದ ನ್ಯೂಜೆರ್ಸಿಗೆ ಬಂದಿದ್ದಳು. ಊರಿಂದ ಯಾರೇ ಬರಲಿ, ನಾವು ಮೊದಲು ಕರೆದುಕೊಂಡು ಹೋಗುತ್ತಿದ್ದದ್ದು ವರ್ಲ್ಡ್ ಟ್ರೇಡ್ ಸೆಂಟರ್‌ಗೆ. ನ್ಯೂಜೆರ್ಸಿಯಿಂದ ನ್ಯೂಯಾರ್ಕಿಗೆ ಓಡುವ ಪಾಥ್ ರೈಲು ಹತ್ತಿದರೆ ಸಾಕು, ನೆಲದಡಿಯಲ್ಲೇ ಕಟ್ಟಡದ ಬುಡಕ್ಕೆ ತಂದು ಬಿಡುತ್ತಿತ್ತು.

1993ರಲ್ಲಿ ಅಲ್ಲೇ ಆದ ಬಾಂಬ್ ಸ್ಫೋಟದ ನಂತರ ಮೇಲೆ ಹೋಗುವವರ ಬ್ಯಾಗ್ ತಪಾಸಣೆ ಇತ್ತು. ಅಮ್ಮನ ಬ್ಯಾಗಿನಲ್ಲಿ ಮೊಸರನ್ನದ ಸ್ಟೀಲ್ ಡಬ್ಬಿ. ಮುಚ್ಚಳ ತೆಗೆಸಿ ನೋಡಿದರು, ನಕ್ಕು ಬಿಟ್ಟರು. ಲಿಫ್ಟ್ ದಕ್ಷಿಣ ಗೋಪುರದ 107ನೇ ಮಹಡಿ ಮುಟ್ಟುವಷ್ಟರಲ್ಲಿ ಇಬ್ಬರಿಗೂ ಕಿವಿ ಕಟ್ಟಿತ್ತು. ಗಾಳಿ ಜಾಸ್ತಿ ಅಂತ ಆವತ್ತು ತಾರಸಿಗೆ ಬಿಡಲಿಲ್ಲ. ಅಮ್ಮನಿಗೆ ಅದೇ ಸಮಾಧಾನ.

ಅಲ್ಲಿನ ಕಿಟಕಿಗಳು ಹೆಚ್ಚು ಕಮ್ಮಿ ಹೆಗಲಗಲ ಅಷ್ಟೇ. ವಿನ್ಯಾಸ ಮಾಡಿದ ಮಿನೋರು ಯಮಸಾಕಿಗೆ ಎತ್ತರ ಅಂದರೆ ಹೆದರಿಕೆಯಂತೆ. ನೋಡಲು ಹಿಂಜರಿಯುತ್ತಿದ್ದ ಅಮ್ಮನನ್ನು ವಯಸ್ಸಾದ ಒಬ್ಬ ಸೆಕ್ಯುರಿಟಿಯವರು ಕೈಸನ್ನೆ ಮಾಡಿ ಕರೆದು ಕಿಟಕಿ ಪಕ್ಕ ಕೂರಿಸಿದರು. ಕೆಳಗೆ ಒಂದು ಹೆಲಿಕಾಪ್ಟರ್ ಹೋಗುತ್ತಿತ್ತು. "ಹೆಲಿಕಾಪ್ಟರ್ ಬೆನ್ನು ನೋಡಿದ್ದು ಇದೇ ಮೊದಲು ಕಣೋ" ಅಂದಳು. ಲಿಬರ್ಟಿ ಪ್ರತಿಮೆ ದಸರಾ ಗೊಂಬೆ ಥರ ಕಂಡಿತಂತೆ. ಇಷ್ಟು ಎತ್ತರಕ್ಕೆ ನೀರು ಹೇಗೆ ಹತ್ತುತ್ತೆ ಅಂತ ಸೆಕ್ಯುರಿಟಿಯವರನ್ನು ಕೇಳಿಸಿದಳು. ಅವರಿಗೂ ಗೊತ್ತಿರಲಿಲ್ಲ.

ಗೋಪುರಗಳು ಉರುಳಿದ, 2001ರ ಸೆಪ್ಟೆಂಬರ್ 11ರ ಆ ಮಂಗಳವಾರದ ಬಗ್ಗೆ ಹೊಸದಾಗಿ ಹೇಳುವಂಥದ್ದು ನನ್ನ ಹತ್ತಿರ ಏನೂ ಇಲ್ಲ. ಎಲ್ಲರಂತೆ ನಾನೂ ಟಿವಿ ನೋಡಿದೆ, ಫೋನ್ ಹಿಡಿದು ಒದ್ದಾಡಿದೆ. ಹಾಸನದಲ್ಲಿ ಆಗ ಸಂಜೆ. ರಾತ್ರಿ ಲೈನ್ ಸಿಕ್ಕಾಗ ಅಮ್ಮ ಕೇಳಿದ ಎರಡನೇ ಪ್ರಶ್ನೆ: "ಆ ಸೆಕ್ಯುರಿಟಿಯವರು?"

ಅದು ಪಿತೃಪಕ್ಷ. ಆರು ದಿನ ಬಿಟ್ಟು ಮಹಾಲಯ ಅಮಾವಾಸ್ಯೆ. ತಾಯಿಯಿಲ್ಲದವರಿಗೆ, ತಂದೆಯಿಲ್ಲದವರಿಗೆ, ನೆಂಟರಿಲ್ಲದವರಿಗೆ ಅಂತ ತರ್ಪಣದಲ್ಲಿ ಒಂದು ಮಂತ್ರ ಬರುತ್ತದೆ ಅಲ್ವಾ, ಅಲ್ಲಿಗೆ ಬಂದಾಗ ಅಪ್ಪ ಒಂದು ಬೊಗಸೆ ಎಳ್ಳುನೀರು ಜಾಸ್ತಿ ಬಿಟ್ಟರಂತೆ. ಪುರೋಹಿತರು ಯಾರ ಹೆಸರಲ್ಲಿ ಅಂತ ಕೇಳಿದ್ದಕ್ಕೆ "ಗೊತ್ತಿಲ್ಲ, ಅಮೆರಿಕದವರು" ಅಂದರಂತೆ.

ಇಲ್ಲಿಯವರ ರೀತಿಯೇ ಬೇರೆ. ಇವರಿಗೆ ಜಾಗ ಬೇಕು, ಹೆಸರು ಬೇಕು. ಗೋಪುರಗಳಿದ್ದ ಗುಂಡಿಗಳಲ್ಲೇ 2011ರಲ್ಲಿ ಎರಡು ಕೊಳ ಮಾಡಿದರು. ಸುತ್ತ ಕಂಚಿನ ಹಲಗೆಗಳಲ್ಲಿ 2,983 ಹೆಸರು. 1993ರಲ್ಲಿ ಸತ್ತ ಆರು ಜನರದ್ದೂ ಸೇರಿ. ಅಕ್ಷರಗಳನ್ನು ಆರಪಾರ ಕೊರೆದಿದ್ದಾರೆ, ಬೆರಳು ತೂರಿಸಬಹುದು. ಹೆಸರುಗಳು ಅಕ್ಷರಮಾಲೆಯ ಪ್ರಕಾರ ಇಲ್ಲ. ಜೊತೆಗೆ ಕೆಲಸ ಮಾಡಿದವರು, ಗೆಳೆಯರು ಪಕ್ಕಪಕ್ಕ. ಹುಟ್ಟುಹಬ್ಬ ಬಂದವರ ಹೆಸರಿಗೆ ಒಂದು ಬಿಳಿ ಗುಲಾಬಿ ಸಿಕ್ಕಿಸುತ್ತಾರೆ. ಸತ್ತವರಿಗೆ ಹುಟ್ಟುಹಬ್ಬವೇ ಅಂತ ನನಗೆ ಮೊದಲು ಇರಿಸುಮುರಿಸಾಗಿತ್ತು. ನಮ್ಮಲ್ಲಿ ಲೆಕ್ಕಕ್ಕಿರುವುದು ಹೋದ ತಿಥಿ ತಾನೇ. ಈಗ ಗುಲಾಬಿಯೇ ಸರಿ ಅನಿಸುತ್ತದೆ. (ಮ್ಯೂಸಿಯಂ ಒಳಗೆ ಅಂಗಡಿ ಇಟ್ಟು ಮಗ್ಗು, ಟೀ ಶರ್ಟು ಮಾರುವುದು ಮಾತ್ರ ಇಂದಿಗೂ ಸಹಿಸೋಕಾಗಲ್ಲ.)

ನಾವು ಶ್ರಾದ್ಧದಲ್ಲಿ ಮೂರು ತಲೆಮಾರಿನ ಹೆಸರು ಹೇಳುತ್ತೇವೆ, ಅದರಾಚೆಯವರನ್ನು ಮರೆತೇ ಬಿಡುತ್ತೇವೆ. ಹಾಗಂತ ಕಲ್ಲಿನಲ್ಲಿ ಹೆಸರು ಕೊರೆಯುವುದು ನಮಗೆ ಹೊಸದಲ್ಲ. ಬೇಗೂರಿನ ನಾಗೇಶ್ವರ ದೇವಸ್ಥಾನದ ಕಲ್ಲೊಂದು ಬೆಂಗಳೂರು ಕಾಳಗದಲ್ಲಿ ಸತ್ತ ಬುಟ್ಟಣಶೆಟ್ಟಿಯ ಹೆಸರು ಹೇಳುತ್ತದೆ. ಹತ್ತಿರ ಹತ್ತಿರ 1,100 ವರ್ಷ ಹಳೆಯದು. ಅಂಥ ಎಷ್ಟೋ ವೀರಗಲ್ಲುಗಳ ಮೇಲೆ ನಮ್ಮೂರುಗಳಲ್ಲಿ ಬಟ್ಟೆ ಒಣಗುತ್ತಿರುತ್ತದೆ. ಕೊರೆಯೋದು ಬಂತು, ಓದೋದು ಬಿಟ್ಟೆವು.

ಹಾಗಾಗಿ ನನ್ನ ಮತ ಇಲ್ಲಿಯವರ ಕಡೆಗೇ. ಆದರೂ ಪ್ರತಿ ಸಲ ಆ ಕೊಳದ ಹತ್ತಿರ ಹೋದಾಗ ನನಗೆ ಒದಗುವುದು ಅಪ್ಪನ ಹೆಚ್ಚುವರಿ ಬೊಗಸೆಯೇ. ಆ ಸೆಕ್ಯುರಿಟಿಯವರು ಆವತ್ತು ಅಲ್ಲಿದ್ದರೋ, ಅದಕ್ಕೂ ಮೊದಲೇ ಕೆಲಸ ಬಿಟ್ಟಿದ್ದರೋ. ಹಲಗೆ ಹಲಗೆ ನೋಡುತ್ತಾ ಒಂದು ಸುತ್ತು ಬರುತ್ತೇನೆ. ಯಾವ ಹೆಸರು ಹುಡುಕಲಿ? ಅಮ್ಮನ ಆಲ್ಬಮ್ಮಿನಲ್ಲಿ ಆ ದಿನದ ಒಂದು ಫೋಟೋ ಇದೆ. ಕಿಟಕಿ, ಅಮ್ಮ, ಮಡಿಲಲ್ಲಿ ಡಬ್ಬಿ. ಅಂಚಿನಲ್ಲಿ ಅವರ ಕೋಟಿನ ತೋಳು ಬಂದಿದೆ. ಎದೆಯ ಮೇಲಿದ್ದ ಹೆಸರಿನ ಪಟ್ಟಿ ಬಂದಿಲ್ಲ.