ಕಲ್ಲು ನಿಜ ಹೇಳಿತು, ಬೈಸಿಕೊಂಡಿದ್ದು ನಾನು

ಹಾಸನದ ಒಂದು ಲ್ಯಾಬಿನಲ್ಲಿ ಕಲ್ಲಿನೊಳಗಿನ ಆರ್ಸೆನಿಕ್ ಅಳೆಯುವುದು ನನ್ನ ಕೆಲಸ. ನುಗ್ಗೇಹಳ್ಳಿ ಕಡೆಯ ಕಲ್ಲುಗಳ ಜೊತೆ ಪ್ರತಿ ಸಲ ಆರ್ಸೆನಿಕ್ ಎಷ್ಟಿದೆ ಅಂತ ಮೊದಲೇ ಲೆಕ್ಕ ಗೊತ್ತಿರುವ ಒಂದು ಪುಡಿಯನ್ನೂ ಇಡುತ್ತೇವೆ. ನಮ್ಮ ಹತ್ತಿರ ಇರುವುದು ಎಜಿವಿ-1, ಅಮೆರಿಕದ ಓರೆಗಾನ್‌ನ ಆಂಡೆಸೈಟ್ ಎಂಬ ಜ್ವಾಲಾಮುಖಿ ಕಲ್ಲಿನ ಪುಡಿ. ಅದರಲ್ಲಿ ಆರ್ಸೆನಿಕ್ ಸುಮಾರು 0.88 ಪಿಪಿಎಂ. ಅಂದರೆ ಒಂದು ಟನ್ ಕಲ್ಲಿಗೆ ಒಂದು ಗ್ರಾಂ ಕೂಡ ಇಲ್ಲ. ಮೊನ್ನೆ ನಮಗೆ ಬಂದಿದ್ದು 0.41.

ಬೀಕರ್ ನೋಡಿದ ತಕ್ಷಣ ಕಾರಣ ತಿಳಿಯಿತು. ಪುಡಿ ಕರಗಿಸಲು ಹೊಸ ಹುಡುಗ ಮುಚ್ಚಳ ಇಲ್ಲದೆ, ಹೈಡ್ರೋಕ್ಲೋರಿಕ್ ಆಸಿಡ್ ಬೇರೆ ಸುರಿದು, ಹಾಟ್‌ಪ್ಲೇಟ್ ಮೇಲೆ ಹುರುಳಿ ಸಾರಿನ ಹಾಗೆ ಕುದಿಸಿದ್ದಾನೆ. "ಬೇಗ ಮುಗೀತು ಅಕ್ಕಾ" ಅಂತ ನಗು ಬೇರೆ. ಆರ್ಸೆನಿಕ್ ಕ್ಲೋರೈಡ್ ಆಗಿಬಿಟ್ಟರೆ 130 ಡಿಗ್ರಿಗೇ ಕುದಿದು ಹಾರಿ ಹೋಗುತ್ತದೆ ಮಾರಾಯ! ಅದಕ್ಕೇ ಬಿಗಿಯಾಗಿ ಮುಚ್ಚುವ ಟೆಫ್ಲಾನ್ ಪಾತ್ರೆ ಇರುವುದು. ಅದು ಇರುವ ಬೀರುವೋ, ಹಾಸನಾಂಬೆ ಗುಡಿ ಬಾಗಿಲಿನ ಹಾಗೆ ವರ್ಷಕ್ಕೊಂದು ಸಲ ತೆರೆಯುತ್ತದೆ. ಹುಡುಗನನ್ನು ಪೂರ್ತಿ ಬೈಯುವ ಹಾಗೂ ಇಲ್ಲ.

ಆದರೆ ಸಾಹೇಬರು ಬೈದಿದ್ದು ನನ್ನನ್ನು. "ನಿಮ್ಮ ಮಷಿನ್ ಸರಿಯಿಲ್ಲ." ಸ್ಟ್ಯಾಂಡರ್ಡ್ ದ್ರಾವಣ ಹಾಕಿ ತೋರಿಸಿದೆ, ಸರಿಯಾಗೇ ಓದಿತು. ಆಮೇಲೆ "ನಿಕ್ಕಲ್ ಅಡ್ಡ ಬಂದಿರಬೇಕು" ಎಂದರು. ನುಗ್ಗೇಹಳ್ಳಿಯ ಕೆಲವು ಕಲ್ಲುಗಳಲ್ಲಿ ನಿಕ್ಕಲ್ ಜಾಸ್ತಿ, ಅದು ಹೈಡ್ರೈಡ್, ಅಂದರೆ ಅಳೆಯಲು ನಾವು ಆರ್ಸೆನಿಕ್‌ನಿಂದ ಮಾಡುವ ಅನಿಲ, ಹುಟ್ಟುವುದನ್ನು ಅದುಮುತ್ತದೆ, ಒಪ್ಪಿದೆ. ಆದರೆ ಈ ಆಂಡೆಸೈಟ್‌ನಲ್ಲಿ ನಿಕ್ಕಲ್ ಎಲ್ಲಿದೆ ಸಾರ್, ಸುಮ್ನೆ ಹೆಸರಿಗೆ ಒಂದಿಷ್ಟು!

ಕೊನೆಗೆ ಬಂದಿತು ನೋಡಿ ಆ ಮಾತು: "ಆ ಒಂದು ಸಾಲು ತೆಗೆದುಬಿಡಮ್ಮ, ಉಳಿದಿದ್ದೆಲ್ಲ ಚೆನ್ನಾಗಿದೆಯಲ್ಲ."

ಮೈಯೆಲ್ಲ ಉರಿಯಿತು. ಉಳಿದಿದ್ದು ಚೆನ್ನಾಗಿದೆ ಅಂತ ಹೇಳಿದವರು ಯಾರು? ಅದೇ ಹಾಟ್‌ಪ್ಲೇಟ್, ಅದೇ ಆಸಿಡ್, ಅದೇ ಹುಡುಗ. ಇದು ಅರ್ಧ ಹಾರಿದ್ದರೆ ಅವೂ ಹಾರಿರುತ್ತವೆ ಅಲ್ವಾ? ನಾವು ತಪ್ಪಿದರೆ ಹಿಡಿದುಕೊಡಲಿ ಅಂತಲೇ ಈ ಪುಡಿ ಇಡುವುದು. ಹಿಡಿದುಕೊಟ್ಟ ಮೇಲೆ ಅದರ ಬಾಯಿಗೇ ಬಟ್ಟೆ ತುರುಕುವುದಾ? ನಾನು ತೆಗೆಯಲಿಲ್ಲ. 0.41 ಹಾಗೇ ಬರೆದು ಸಹಿ ಹಾಕಿದೆ. ಆಗಿನಿಂದ ಸಾಹೇಬರು ನನ್ನ ಜೊತೆ ಮಾತಿಲ್ಲ, ಬೆಳಗಿನ ಕಾಫಿಗೂ ಕರೆಯುತ್ತಿಲ್ಲ.

ಎಲ್ಲವನ್ನೂ ಮೊದಲಿಂದ ಕರಗಿಸಬೇಕು. ಬಾಟಲಿ ಅಲ್ಲಾಡಿಸಿದೆ, ತಳದಲ್ಲಿ ಎರಡು ಚಮಚ ಪುಡಿ ಇರಬಹುದು ಅಷ್ಟೆ. ಬೀರುವಿನ ಬೀಗದ ಕೈ ಇಟ್ಟುಕೊಂಡವರು ಸೋಮವಾರದವರೆಗೆ ರಜೆ.