ನಾಲ್ಕು ಜನ ಇದ್ದೀವಲ್ಲ, ಎತ್ತಿಬಿಡೋಣ!

ಮಡಿಕೇರಿಯಲ್ಲಿ ಇಳಿಜಾರಿಗೆ ಬರ ಇಲ್ಲ. ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ ಗುಡ್ಡ ಹಿಡಿದು ಕೂತ ಊರು. ಬಸ್ ಸ್ಟ್ಯಾಂಡಿನಿಂದ ಯಾವ ಕಡೆ ಹೊರಟರೂ ಒಂದೋ ಏರು, ಇಲ್ಲವೇ ಇಳಿವು. ಆಟೋದವರ ಅರ್ಧ ಆಯುಷ್ಯ ಫಸ್ಟ್ ಗೇರಿನಲ್ಲೇ ಕಳೆಯುತ್ತದೆ. ಮಕ್ಕಳ ಕೈಯಿಂದ ಚೆಂಡು ಜಾರಿದರೆ ಸುಂಟಿಕೊಪ್ಪದಲ್ಲಿ ಹುಡುಕಬೇಕು.

ದೇವರೇ ಇಷ್ಟು ಇಳಿಜಾರನ್ನು ಪುಕ್ಕಟೆ ಕೊಟ್ಟ ಊರಿನಲ್ಲಿ, ಮನುಷ್ಯ ಕಟ್ಟಿದ ಬಾಗಿಲಿಗೆ ಬಂದ ಕೂಡಲೇ ಇಳಿಜಾರು ಮಾಯ. ಅಲ್ಲಿ ಮೆಟ್ಟಿಲು. ಅಂಗಡಿಗೆ ಮೆಟ್ಟಿಲು, ಹೋಟೆಲಿಗೆ ಮೆಟ್ಟಿಲು, ಎಟಿಎಂಗೆ ಮೆಟ್ಟಿಲು, ಅವಸರವಾದಾಗ ಹುಡುಕುವ ಶೌಚಾಲಯಕ್ಕೂ ಮೆಟ್ಟಿಲು. ಯಾಕೆ ಅಂತ ಕೇಳಿದರೆ ಉತ್ತರ ರೆಡಿ: "ಮಳೆ ನೀರು ಒಳಗೆ ನುಗ್ಗಬಾರದಲ್ಲ ಸಾರ್." ಸರಿಯೇ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು. ಮಳೆ ನೀರಿಗೂ ವೀಲ್‌ಚೇರಿಗೂ ಒಂದೇ ಕಾನೂನು ಮಾಡಿಬಿಟ್ಟಿದ್ದಾರೆ, ಅಷ್ಟೇ.

ಹಾಗಂತ ಊರಿನವರು ಕೆಟ್ಟವರಲ್ಲ. ಕಷ್ಟ ಇರುವುದೇ ಅಲ್ಲಿ. ತುಂಬಾ ಒಳ್ಳೆಯವರು. ವೀಲ್‌ಚೇರ್ ಕಂಡರೆ ಸಾಕು, ಎಲ್ಲಿಂದಲೋ ನಾಲ್ಕು ಜನ ಓಡಿ ಬರುತ್ತಾರೆ. ಒಬ್ಬರು ಶರ್ಟಿನ ತೋಳು ಮಡಚುತ್ತಾರೆ. ಇನ್ನೊಬ್ಬರು ಕೇಳದೆಯೇ ಚಕ್ರ ಹಿಡಿಯುತ್ತಾರೆ. "ನಾವು ನಾಲ್ಕು ಜನ ಇದ್ದೀವಲ್ಲ ಸಾರ್, ಎತ್ತಿಬಿಡೋಣ!" ಮಡಿಕೇರಿ ಅಂತಲ್ಲ, ಇಡೀ ದೇಶದ ಪದ್ಧತಿಯೇ ಇದು. ಸಿಮೆಂಟ್ ಬೇಡ, ಕಂಬಿ ಬೇಡ, ಟೆಂಡರ್ ಬೇಡ. ನಾಲ್ಕು ಜನ ಸಿಕ್ಕರೆ ಸಾಕು, ಯಾವ ಕಟ್ಟಡವಾದರೂ ಆ ಕ್ಷಣಕ್ಕೆ ಸುಗಮ.

ನಮ್ಮ ಚಿಕ್ಕಮ್ಮನಿಗೆ ಮಾತ್ರ ಈ ವ್ಯವಸ್ಥೆ ಹಿಡಿಸುವುದಿಲ್ಲ. ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್ ಆಗಿದ್ದವರು. ಚಿಕ್ಕಂದಿನಲ್ಲಿ ಪೋಲಿಯೋ ಆಗಿತ್ತು. ವಯಸ್ಸಾದ ಮೇಲೆ ಪೂರ್ತಿ ವೀಲ್‌ಚೇರ್. "ನಾಲ್ಕು ಜನ ಹೊರೋ ದಿನ ಹೇಗಿದ್ದರೂ ಒಂದು ಬರುತ್ತೆ ಕಣೋ. ನಾನೇನೂ ಅದಕ್ಕೆ ಅವಸರ ಮಾಡಿಲ್ಲ. ಇವರ್ಯಾಕೆ ಈಗಲೇ ರಿಹರ್ಸಲ್ ಶುರು ಮಾಡಿದ್ದಾರೆ?" ಅನ್ನುತ್ತಾರೆ. ಓಡಿ ಬಂದ ನಾಲ್ವರಿಗೂ ಇದು ಕೇಳಿಸುತ್ತದೆ. ಮೂವರು ಕೈ ಬಿಡುತ್ತಾರೆ. ನಾಲ್ಕನೆಯವರು ಮಾತ್ರ "ಬಿಡ್ತು ಅನ್ನಿ ಅಮ್ಮ" ಎಂದು ಚಕ್ರ ಹಿಡಿದೇ ನಿಲ್ಲುತ್ತಾರೆ.

ಇಂಥ ಚಿಕ್ಕಮ್ಮನಿಗೆ ಮಡಿಕೇರಿಯ ಮಂಜು ನೋಡುವ ಆಸೆ ಹುಟ್ಟಿತು.

ಹೋಗುವುದು ಹೇಗೆ? ರೈಲು ಮಡಿಕೇರಿ ಕಡೆ ತಲೆ ಹಾಕಿಲ್ಲ. ಬಸ್ಸಿದೆ. ಬಸ್ಸಿನ ಒಳಗೆ "ಅಂಗವಿಕಲರಿಗೆ ಮೀಸಲು" ಅಂತ ಬರೆದ ಸೀಟೂ ಇದೆ. ಬಾಗಿಲ ಎತ್ತರದ ಮೆಟ್ಟಿಲುಗಳನ್ನು ಹತ್ತಿ ಆ ಸೀಟು ಮುಟ್ಟಿದವರು ನಿಜವಾಗಲೂ ಅಂಗವಿಕಲರೇ ಅಂತ ಕಂಡಕ್ಟರಿಗೆ ಅನುಮಾನ ಬಂದರೆ ತಪ್ಪೇನಿಲ್ಲ. ರಿಯಾಯಿತಿ ಪಾಸೂ ಉಂಟು, ಆದರೆ ಅದು ನಡೆಯುವುದು ಇರುವ ಜಾಗದಿಂದ 100 ಕಿಲೋಮೀಟರ್ ಒಳಗೆ ಮಾತ್ರ. ಬೆಂಗಳೂರಿನಿಂದ ಹೊರಟರೆ ಮಂಡ್ಯದ ಆಸುಪಾಸಿನಲ್ಲಿ ಪಾಸಿನ ಜೀವ ಹೋಗುತ್ತದೆ. ಮಡಿಕೇರಿ ಇನ್ನೂ 150 ಕಿಲೋಮೀಟರ್ ಮೇಲೆ. ಅಂಗವಿಕಲರು ಪ್ರವಾಸ ಹೋಗಬಹುದು, ಆದರೆ ಮದ್ದೂರು ವಡೆ ತಿಂದು ವಾಪಸ್ ಬಂದರೆ ಲೇಸು ಅನ್ನೋದು ಸರ್ಕಾರದ ಅಭಿಪ್ರಾಯ ಇರಬೇಕು. ಕೊನೆಗೆ ಕಾರು ಮಾಡಿದೆವು.

ಉಳಿಯಲು ಹೋಂಸ್ಟೇ. ಕೊಡಗಿನಲ್ಲಿ ಅದಕ್ಕೇನು ಕೊರತೆ? ಚಿಕ್ಕಮ್ಮ ತಾವೇ ಫೋನ್ ಹಿಡಿದರು.

"ವೀಲ್‌ಚೇರ್ ಬರುತ್ತಾ?"

"ಫುಲ್ ಫ್ರೆಂಡ್ಲಿ ಮೇಡಂ. ಯಾವ ತೊಂದರೆಯೂ ಇಲ್ಲ."

"ಮೆಟ್ಟಿಲು?"

"ಮೆಟ್ಟಿಲು ಇಲ್ವೇ ಇಲ್ಲ ಮೇಡಂ. ಮೂರೇ ಮೂರು."

"ಬಾತ್‌ರೂಂ ಬಾಗಿಲು ಎಷ್ಟು ಅಗಲ?"

"ದೊಡ್ಡದೇ. ಎಲ್ಲರೂ ಹೋಗ್ತಾರೆ, ಬರ್ತಾರೆ."

"ಇಂಚಿನಲ್ಲಿ ಹೇಳಿ."

ಆ ಕಡೆ ಮೌನ. ಬಾತ್‌ರೂಂ ಬಾಗಿಲನ್ನು ಇಂಚಿನಲ್ಲಿ ಕೇಳಿದ ಮೊದಲ ಗಿರಾಕಿ ಇವರೇ ಇರಬೇಕು. ಆಮೇಲೆ ಅಳೆದು ಹೇಳಿದರು, 24 ಇಂಚು. ಚಿಕ್ಕಮ್ಮನ ಗಾಡಿ 26 ಇಂಚು. "ಎರಡೇ ಇಂಚು ಅಲ್ವಾ ಮೇಡಂ, ಅಡ್ಜಸ್ಟ್ ಮಾಡ್ಕೋಬಹುದು" ಎಂದರು ಪಾಪ. ಯಾರು ಅಡ್ಜಸ್ಟ್ ಆಗಬೇಕು, ಬಾಗಿಲೋ ಗಾಡಿಯೋ, ಅದನ್ನು ಹೇಳಲಿಲ್ಲ.

ಅಂತೂ ಒಂದು ಕಡೆ ಜಾಗ ಸಿಕ್ಕಿತು, ಊರು ಸುತ್ತಲು ಹೊರಟೆವು. ಅಬ್ಬಿ ಜಲಪಾತಕ್ಕೆ ಕಾರು ನಿಲ್ಲಿಸಿದ ಮೇಲೆ ಕಾಫಿ ತೋಟದ ನಡುವೆ ಮೆಟ್ಟಿಲಿಳಿದು ಹೋಗಬೇಕು. ಅಲ್ಲಿ ಚಿಕ್ಕಮ್ಮ ನೋಡಿದ್ದು ಪಾರ್ಕಿಂಗ್. ತಲಕಾವೇರಿಯ ಬ್ರಹ್ಮಗಿರಿ ಬೆಟ್ಟದ ಮೆಟ್ಟಿಲನ್ನು ಕೆಳಗಿನಿಂದಲೇ ನೋಡಿ ಕೈ ಮುಗಿದರು. ಬೆಟ್ಟದ ಮೇಲೆ ಅವರಿಗೆ ಸಿಟ್ಟಿಲ್ಲ. ಬೆಟ್ಟವನ್ನು ಯಾವ ಎಂಜಿನಿಯರೂ ಪ್ಲಾನ್ ಹಾಕಿ ಕಟ್ಟಿಲ್ಲವಲ್ಲ.

ರಾಜಾಸೀಟಿನಲ್ಲಿ ಕೊಡಗಿನ ಅರಸರು ಸಂಜೆ ಕೂತು ಸೂರ್ಯ ಮುಳುಗುವುದನ್ನು ನೋಡುತ್ತಿದ್ದರಂತೆ. ಅವರು ಅಲ್ಲಿಗೆ ಹೇಗೆ ಬರುತ್ತಿದ್ದರೋ. ಪಲ್ಲಕ್ಕಿಯಲ್ಲೇ ಬಂದಿದ್ದರೆ ಹೊರಲು ನಾಲ್ಕು ಜನ ಇದ್ದೇ ಇರುತ್ತಿದ್ದರು. ಅರಸರೆಲ್ಲ ಹೋದರು. ರಾಜ್ಯ 1834ರಲ್ಲಿ ಬ್ರಿಟಿಷರ ಪಾಲಾಯಿತು, ಬ್ರಿಟಿಷರೂ ಹೋದರು. ಆ ನಾಲ್ಕು ಜನ ಮಾತ್ರ ಇನ್ನೂ ಡ್ಯೂಟಿಯಲ್ಲಿದ್ದಾರೆ.

ಇನ್ನೊಂದು ಜಾಗ. ಹೆಸರು ಬೇಡ. ಅಲ್ಲಿ ರ‍್ಯಾಂಪ್ ಇತ್ತು! ನೀಲಿ ಬೋರ್ಡು, ಅದರಲ್ಲಿ ಬಿಳಿ ವೀಲ್‌ಚೇರಿನ ಚಿತ್ರ. ನಾನು ಖುಷಿಯಲ್ಲಿ ಫೋಟೋ ತೆಗೆಯಲು ಹೊರಟೆ. ಚಿಕ್ಕಮ್ಮ ಕೈಚೀಲದಿಂದ ಅಳತೆ ಟೇಪು ತೆಗೆದರು.

ಲೆಕ್ಕ ಸುಲಭ. ಒಂದಕ್ಕೆ ಹನ್ನೆರಡು. ಒಂದು ಅಡಿ ಏರಬೇಕಾದರೆ ರ‍್ಯಾಂಪ್ ಹನ್ನೆರಡು ಅಡಿ ಉದ್ದ ಇರಬೇಕು. ಅದಕ್ಕಿಂತ ಕಡಿದಾದರೆ ಕೈಯಲ್ಲಿ ಚಕ್ರ ತಿರುಗಿಸುವವರಿಗೆ ಏರಲು ಆಗುವುದಿಲ್ಲ, ಇಳಿಯುವಾಗ ಗಾಡಿ ಹಿಡಿತಕ್ಕೆ ಸಿಗುವುದಿಲ್ಲ. ಈ ಕಟ್ಟೆಯ ಎತ್ತರ ಎರಡು ಅಡಿ. ಅಂದರೆ ರ‍್ಯಾಂಪ್ 24 ಅಡಿ ಇರಬೇಕು. ಇದ್ದದ್ದು ಆರು. "ಒಂದಕ್ಕೆ ಮೂರು," ಎಂದರು ಚಿಕ್ಕಮ್ಮ, ಫೇಲಾದ ಹುಡುಗನ ಪೇಪರ್ ನೋಡುವ ದನಿಯಲ್ಲಿ. "ಇದು ರ‍್ಯಾಂಪ್ ಅಲ್ಲ ಕಣೋ, ಜಾರುಬಂಡೆ. ಮಕ್ಕಳಿಗೆ ಟಿಕೆಟ್ ಇಟ್ಟರೆ ದುಡ್ಡಾದರೂ ಬರುತ್ತೆ."

ಆ ಜಾರುಬಂಡೆಗೂ ಮೇಲೆ ಪಾಲಿಶ್ ಗ್ರಾನೈಟ್ ಹಾಕಿದ್ದರು. ಮಳೆಗಾಲದಲ್ಲಿ ಮುಖ ನೋಡಿಕೊಳ್ಳಬಹುದು. ಹಿಡಿಯಲು ಕಂಬಿ ಒಂದೇ ಕಡೆ. ಅದಕ್ಕೆ ಯಾರೋ ಒದ್ದೆ ಛತ್ರಿ ನೇತು ಹಾಕಿದ್ದರು. ಕೆಳಗೆ ಅಡ್ಡಲಾಗಿ ಬೈಕುಗಳು. ಅವಕ್ಕೂ ಚಕ್ರ ಇದೆಯಲ್ಲ, ಬೋರ್ಡ್ ನೋಡಿ ತಮಗೇ ಅಂದುಕೊಂಡಿರಬಹುದು. ಎಲ್ಲದರ ಮೇಲೆ, ರ‍್ಯಾಂಪ್ ಮುಗಿದ ಕಡೆ ಒಂದು ಮೆಟ್ಟಿಲು! ಸುಮ್ನೆ, ಚಂದಕ್ಕೆ. ಅದರ ಅಂಚಿಗೆ ಹಳದಿ ಬಣ್ಣ ಬೇರೆ ಬಳಿದಿದ್ದರು.

ಮೇಲ್ವಿಚಾರಕರು ಬಂದರು. ಒಳ್ಳೆಯ ಮನುಷ್ಯ. ಚಿಕ್ಕಮ್ಮನನ್ನು ಬಿಟ್ಟು ನನ್ನ ಹತ್ತಿರ ಮಾತಾಡಿದರು. "ಅಮ್ಮ ಕಾಫಿ ಕುಡೀತಾರಾ ಸಾರ್?" ಕಾಲು ನಡೆಯದಿದ್ದರೆ ಕಿವಿಯೂ ಕೇಳಿಸುವುದಿಲ್ಲ ಅನ್ನುವುದು ನಮ್ಮಲ್ಲಿ ಗಟ್ಟಿ ನಂಬಿಕೆ. "ಅಮ್ಮ ಕುಡೀತಾರೆ, ಸಕ್ಕರೆ ಕಡಿಮೆ" ಎಂದು ಅಮ್ಮನೇ ಉತ್ತರ ಕೊಟ್ಟರು. ಆಮೇಲೆ ರ‍್ಯಾಂಪಿನ ವಿಷಯ ಬಂತು.

"ಅಂಥವರು ಇಲ್ಲಿಗೆ ಯಾರೂ ಬರಲ್ಲ ಸಾರ್."

2011ರ ಜನಗಣತಿಯ ಪ್ರಕಾರವೇ ಕರ್ನಾಟಕದಲ್ಲಿ 13 ಲಕ್ಷಕ್ಕೂ ಜಾಸ್ತಿ ಅಂಗವಿಕಲರು ಇದ್ದಾರೆ. ಅವರಲ್ಲಿ ಒಬ್ಬರು ಈ ಮೇಲ್ವಿಚಾರಕರ ಎದುರಿಗೇ ಕೂತು ಟೇಪು ಸುತ್ತಿಕೊಳ್ಳುತ್ತಿದ್ದರು. ಮೆಟ್ಟಿಲು ಇದೆ ಅಂತ ಅವರು ಬರುವುದಿಲ್ಲ, ಅವರು ಬರುವುದಿಲ್ಲ ಅಂತ ಮೆಟ್ಟಿಲು ಹಾಗೇ ಇದೆ.

"ಜೊತೆಗೆ ಇದು ಗುಡ್ಡದ ಊರು ನೋಡಿ. ಹಳೇ ಜಾಗ. ಏನೂ ಮಾಡೋಕಾಗಲ್ಲ."

ಇದಕ್ಕೆ ಚಿಕ್ಕಮ್ಮನ ಹತ್ತಿರ ಉತ್ತರ ಇತ್ತು. ಸ್ಪೇನಿನಲ್ಲಿ ಆವಿಲಾ ಅಂತ ಊರಿದೆ. ಅದೂ ಚಿಕ್ಕದೇ. ಎತ್ತರ ಹೆಚ್ಚುಕಡಿಮೆ ಮಡಿಕೇರಿಯಷ್ಟೇ. ಊರ ಸುತ್ತ ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ, ಮಧ್ಯಯುಗದ ಕೋಟೆ ಗೋಡೆ. 1985ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಒಂದು ಕಲ್ಲು ಅಲುಗಿಸಬೇಕಾದರೂ ಹತ್ತು ಸಲ ಯೋಚಿಸಬೇಕಾದ ಜಾಗ. ಅವರು ಆ ಗೋಡೆಯ ಒಂದು ಭಾಗಕ್ಕೇ ವೀಲ್‌ಚೇರ್ ಹತ್ತುವ ಹಾಗೆ ಮಾಡಿದರು. ಯುರೋಪಿನಲ್ಲಿ ಎಲ್ಲರೂ ಸುಲಭವಾಗಿ ಓಡಾಡಬಹುದಾದ ಊರಿಗೆ ಪ್ರಶಸ್ತಿ ಕೊಡಲು ಶುರು ಮಾಡಿದಾಗ, ಮೊದಲನೆಯದು, 2011ರದ್ದು, ಹೋಗಿದ್ದು ಈ ಊರಿಗೇ.

"ಅದು ಫಾರಿನ್ ಬಿಡಿ ಅಮ್ಮ" ಎಂದರು ಮೇಲ್ವಿಚಾರಕರು. ನ್ಯಾಯವೇ. ಫಾರಿನ್ನಿನಲ್ಲಿ ಗುರುತ್ವಾಕರ್ಷಣೆ ಬೇರೆ ಇರಬಹುದು. ನಮ್ಮಲ್ಲೂ ಎಂಜಿನಿಯರಿಂಗ್ ಇಲ್ಲದೇ ಇಲ್ಲ. ಮಡಿಕೇರಿ ಹತ್ತಿರವೇ ಕಣಿವೆಯ ಮೇಲೆ ಗಾಜಿನ ಸೇತುವೆ ಚಾಚಿ ನಿಂತಿದೆ. ಮನುಷ್ಯನನ್ನು ಗಾಜಿನ ಮೇಲೆ ನಿಲ್ಲಿಸಿ ಕೆಳಗಿನ ಪ್ರಪಾತ ತೋರಿಸುವ ವಿದ್ಯೆ ಬಂದಾಯಿತು. ಎರಡು ಅಡಿ ಕಟ್ಟೆ ದಾಟಿಸುವುದು ಇನ್ನೂ ಸಂಶೋಧನೆಯ ಹಂತದಲ್ಲಿದೆ.

ಕಾನೂನು ಇಲ್ಲ ಅನ್ನಬೇಡಿ. ಕಾಗದದ ಮೇಲೆ ನಾವು ಆವಿಲಾಗೇನೂ ಕಡಿಮೆ ಇಲ್ಲ. ಸುಗಮ್ಯ ಭಾರತ ಅಭಿಯಾನ 2015ರ ಡಿಸೆಂಬರ್ 3ಕ್ಕೆ ಶುರುವಾಯಿತು. 2016ರಲ್ಲಿ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂತು. 2017ರ ಜೂನಿನಲ್ಲಿ ನಿಯಮಗಳು ಬಂದವು. ಸಾರ್ವಜನಿಕರು ಬಳಸುವ ಹಳೆಯ ಕಟ್ಟಡಗಳನ್ನೆಲ್ಲ ಐದು ವರ್ಷದಲ್ಲಿ ಸರಿಮಾಡಿ ಅಂತ ಗಡುವು. 2022ರ ಜೂನ್ ಬಂತು, ಹೋಯಿತು. ಕಟ್ಟಡಗಳು ಇದ್ದಲ್ಲೇ ಇದ್ದವು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಒಂದು ತಮಾಷೆ ಪತ್ತೆ ಹಚ್ಚಿತು. ಕಾಯ್ದೆ "ಮಾಡಲೇಬೇಕು" ಅನ್ನುತ್ತದೆ. ಅದರ ಕೆಳಗಿನ 15ನೇ ನಿಯಮ ಹೋಗಿ ನಿಲ್ಲುವುದು ಬರೀ ಮಾರ್ಗಸೂಚಿಗಳ ಮೇಲೆ. ಅಂದರೆ, ಮಾಡಿದರೆ ಒಳ್ಳೆಯದು, ನಿಮ್ಮಿಷ್ಟ. ಈ ನಿಯಮ ಕಾಯ್ದೆಗೇ ವಿರುದ್ಧ ಅಂತ ಕೋರ್ಟ್ ಹೇಳಿತು. ಕಡ್ಡಾಯ ಮಾನದಂಡ ಯಾವುದು ಅಂತ ಮೂರು ತಿಂಗಳಲ್ಲಿ ಬರೆದು ತನ್ನಿ ಎಂದಿತು. ಅಷ್ಟು ವರ್ಷ ನಮ್ಮ ಅಧಿಕಾರಿಗಳು ಕಾಯ್ದೆಯನ್ನು ಭಾಷಣಕ್ಕೆ, ಮಾರ್ಗಸೂಚಿಯನ್ನು ಕೆಲಸಕ್ಕೆ ಇಟ್ಟುಕೊಂಡಿದ್ದರು.

ಭಾಷಣ ಅಂದೆನಲ್ಲ, ಅದಕ್ಕೂ ಪ್ರತಿ ವರ್ಷ ಡಿಸೆಂಬರ್ 3 ಇದೆ. ವಿಶ್ವ ಅಂಗವಿಕಲರ ದಿನ. ಚಿಕ್ಕಮ್ಮನಿಗೆ ಒಮ್ಮೆ ಒಂದು ಕಡೆ ಸನ್ಮಾನ ಇತ್ತು. ವೇದಿಕೆಗೆ ಐದು ಮೆಟ್ಟಿಲು. ರ‍್ಯಾಂಪ್ ಇಲ್ಲ. ಎತ್ತಲು ನಾಲ್ಕು ಜನ ತಯಾರಾಗಿ ನಿಂತಿದ್ದರು. ಚಿಕ್ಕಮ್ಮ ಒಪ್ಪಲಿಲ್ಲ. ಕೊನೆಗೆ ಗಣ್ಯರೇ ಕೆಳಗೆ ಇಳಿದು ಬಂದರು. ಮರುದಿನ ಪೇಪರಿನಲ್ಲಿ ಅವರ ಸರಳತೆಯ ಬಗ್ಗೆ ಬಂತು.

ಇಷ್ಟೆಲ್ಲ ನೋಡಿದ ಮೇಲೆ ನನಗನ್ನಿಸಿದ್ದು ಇಷ್ಟು. ರ‍್ಯಾಂಪ್ ನಮ್ಮ ಜಾಯಮಾನಕ್ಕೆ ಒಗ್ಗುವುದಿಲ್ಲ. ನಮಗೆ ಒಗ್ಗುವುದು ನಾಲ್ಕು ಜನ. ಹಾಗಾದರೆ ಅದನ್ನೇ ಸರಿಯಾಗಿ ಮಾಡೋಣ. ಪ್ರತಿ ಪ್ರವಾಸಿ ತಾಣಕ್ಕೂ ನಾಲ್ಕು "ಎತ್ತುವ ಸಹಾಯಕ" ಹುದ್ದೆ ಮಂಜೂರು ಮಾಡಲಿ. ಮೇಲೆ ಒಬ್ಬ "ಹಿರಿಯ ಎತ್ತುವ ಸಹಾಯಕ". ಅವರು ಎತ್ತುವುದಿಲ್ಲ, "ಹುಷಾರು, ಹುಷಾರು" ಅನ್ನುತ್ತಾರೆ. ಆ ಕೆಲಸ ಈಗ ಯಾರೋ ಪುಕ್ಕಟೆ ಮಾಡುತ್ತಿದ್ದಾರೆ. ಸಮವಸ್ತ್ರ ಕೊಡಲಿ. ಮಳೆ ಭತ್ಯೆ ಕೊಡಲಿ. 60 ಕೆಜಿ ದಾಟಿದರೆ ಹೆಚ್ಚುವರಿ ಶುಲ್ಕ, ಜಿಎಸ್‌ಟಿ ಪ್ರತ್ಯೇಕ. ಮಧ್ಯಾಹ್ನ ಒಂದರಿಂದ ಎರಡರವರೆಗೆ ಊಟದ ಬಿಡುವು. ಆ ಹೊತ್ತಿಗೆ ಅರ್ಧ ಮೆಟ್ಟಿಲಲ್ಲಿ ಇದ್ದವರು ಅಲ್ಲೇ ಕೂತು ಪ್ರಕೃತಿ ಸವಿಯಬಹುದು. ಹಾಂ, 2016ರ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಅಂಗವಿಕಲರಿಗೆ ಕನಿಷ್ಠ ಶೇಕಡಾ 4 ಮೀಸಲಾತಿ ಹೇಳುತ್ತದೆ. ಎತ್ತುವವರ ಹುದ್ದೆಯಲ್ಲೂ ಅದನ್ನು ತಪ್ಪದೆ ಪಾಲಿಸಬೇಕು.

ಈ ಯೋಜನೆಯನ್ನು ಚಿಕ್ಕಮ್ಮನಿಗೆ ಓದಿ ಹೇಳಿದೆ. ಹಿರಿಯ ಎತ್ತುವ ಸಹಾಯಕರ ಹುದ್ದೆಗೆ ತಾವೇ ಅರ್ಜಿ ಹಾಕುವುದಾಗಿ ಹೇಳಿದರು. ಅರ್ಜಿ ಕೊಡುವ ಕಿಟಕಿ ನೆಲದಿಂದ ಎಷ್ಟು ಇಂಚು ಮೇಲಿದೆ ಅಂತ ವಿಚಾರಿಸು ಎಂದರು.